ನೂರೆರಡು ಡಿಗ್ರಿಯಲ್ಲಿ ಹೀಟರ್

ಸೆಖೆಯಿಂದಲೇ ಅನ್ನ ತಿನ್ನುವ ನಾನು ಸೆಖೆಗೆ ಹೆದರುತ್ತೇನೆ ಎಂದರೆ ನೀವು ನಗಬಹುದು. ಅಮೆರಿಕದ ಡಿಯರ್‌ಬಾರ್ನ್‌ನ ಒಂದು ಲ್ಯಾಬಿನಲ್ಲಿ, ಕಾರಿನ ಎಂಜಿನ್ ಎಷ್ಟು ಕಾದರೆ ಕೆಡುತ್ತದೆ ಎಂದು ನೋಡುವುದು ನನ್ನ ಕೆಲಸ. ಬಿಸಿ ಕೋಣೆಯೊಳಗೆ ಕಾರು ಬೇಯುತ್ತಿರುತ್ತದೆ. ಗಾಜಿನ ಈಚೆ ನಾನು ಸ್ವೆಟರ್ ಹಾಕಿಕೊಂಡು, ಕಾಫಿ ಹೀರುತ್ತ ಅಂಕಿ ಬರೆದುಕೊಳ್ಳುತ್ತಿರುತ್ತೇನೆ. ಹದಿನೆಂಟು ವರ್ಷ ಹೀಗೇ ತಣ್ಣಗೆ ಕಳೆದವು.

ಆರ್ಥಿಕ ಹಿಂಜರಿತದ ಆ ಬೇಸಿಗೆಯಲ್ಲಿ ಎಲ್ಲರಿಗೂ ಮೂರು ವಾರ ಸಂಬಳವಿಲ್ಲದ ರಜೆ ಬಂತು. ಅದಕ್ಕೆ ಮುಂಚೆ ಮ್ಯಾನೇಜರ್ ನಮ್ಮ ನಾಲ್ವರನ್ನು ಕೂರಿಸಿಕೊಂಡು ವಿಷಯ ಹೇಳಿದ. ಒಬ್ಬರನ್ನು ತೆಗೆಯಬೇಕು, ಇಲ್ಲವೇ ನಾಲ್ವರೂ ವಾರಕ್ಕೆ ನಾಲ್ಕು ದಿನದ ಕೆಲಸಕ್ಕೆ, ನಾಲ್ಕೇ ದಿನದ ಸಂಬಳಕ್ಕೆ ಒಪ್ಪಬೇಕು. ಒಬ್ಬರು ಒಲ್ಲೆ ಎಂದರೂ ಆಗುವುದಿಲ್ಲ. ತೆಗೆಯುವುದಾದರೆ ಯಾರನ್ನು ಎಂದು ಎಲ್ಲರಿಗೂ ಗೊತ್ತಿತ್ತು. ಹುಬ್ಬಳ್ಳಿಯ ಈರಣ್ಣ ಎಲ್ಲರಿಗಿಂತ ಕೊನೆಗೆ ಸೇರಿದವನು, ವೀಸಾದ ಮೇಲಿದ್ದವನು. ಕೆಲಸ ಹೋದರೆ ಹೆಂಡತಿ ಮಕ್ಕಳ ಸಮೇತ ಗಂಟುಮೂಟೆ ಕಟ್ಟಬೇಕು. ಉಳಿದವರು ಅಲ್ಲೇ ಒಪ್ಪಿದರು. ಎಲ್ಲರಿಗಿಂತ ಸೀನಿಯರ್ ಆದ ನಾನು ಮಾತ್ರ, ರಜೆ ಮುಗಿಸಿ ಬಂದು ಹೇಳುತ್ತೇನೆ ಎಂದೆ. ಮಗಳು ಕಾಲೇಜು ಸೇರುವ ವರ್ಷ ಅದು. ಕಾರಣವೇನೋ ಸಾಚಾ, ಆದರೆ ಹೇಳುವಾಗ ಈರಣ್ಣನ ಮುಖ ನೋಡಲಿಲ್ಲ.

ಯೋಚಿಸಲು ಜನ ಹಿಮಾಲಯಕ್ಕೆ ಹೋಗುತ್ತಾರೆ. ನಾನು ಚೀನಾಕ್ಕೆ ಹೊರಟೆ. ನಾವು ಪರೀಕ್ಷಿಸುವ ರೇಡಿಯೇಟರ್‌ಗಳ ಡಬ್ಬಗಳ ಮೇಲೆ ಶಿಯಾಂಗ್‌ಟಾನ್, ಹೆಂಗ್‌ಯಾಂಗ್ ಎಂದೆಲ್ಲ ಅಚ್ಚಾಗಿರುತ್ತಿತ್ತು. ಆ ಊರುಗಳು ನಿಜವಾಗಿಯೂ ಇವೆಯೇ ಎಂದು ನೋಡುವ ಹುಚ್ಚು ಬಹಳ ದಿನದಿಂದ ಇತ್ತು. ಪುಕ್ಕಟೆ ಟಿಕೆಟ್ಟಿಗೆಂದು ವಿಮಾನದವರು ಕೊಟ್ಟ ಮೈಲುಗಳು ಕೊಳೆಯುತ್ತ ಬಿದ್ದಿದ್ದವು. "ಜುಲೈನಲ್ಲಿ ಎಲ್ರೂ ತಣ್ಣಗಿರೋ ಕಡೆ ಹೋಗ್ತಾರೆ, ನೀನು ಒಲೆ ಹುಡುಕ್ಕೊಂಡು ಹೋಗ್ತಿದೀಯಲ್ಲೇ" ಎಂದರು ನನ್ನವರು.

ಹೊರಡುವ ಹಿಂದಿನ ದಿನ ಈರಣ್ಣ ಮನೆಗೆ ಬಂದ. ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬ. ಒಳಗೆ ಅವನ ಹೆಂಡತಿ ಬಡಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿ. "ಅಲ್ಲಿ ನಿಮಗ ಊಟಕ್ಕ ತ್ರಾಸ ಆಗ್ತೈತ್ರಿ ಮೇಡಂ. ಇವು ತಿಂಗಳಾದ್ರೂ ಕೆಡಂಗಿಲ್ಲ" ಎಂದ. ಕೆಲಸದ ಸುದ್ದಿ ಎತ್ತಲೇ ಇಲ್ಲ. ಎತ್ತಿದ್ದರೆ ನನಗೆ ವಾಸಿಯಿತ್ತು.

ರೇಡಿಯೇಟರ್ ಡಬ್ಬದ ಮೇಲಿನ ಊರು ಎಂದರೆ ನಮ್ಮ ನಂಜನಗೂಡಿನಷ್ಟು ಇದ್ದೀತು ಎಂದುಕೊಂಡಿದ್ದೆ. ಶಿಯಾಂಗ್‌ಟಾನ್‌ನ ರೈಲು ನಿಲ್ದಾಣದ ಮುಂದಿನ ಚೌಕದಲ್ಲೇ ಇಡೀ ನಂಜನಗೂಡು ಎಲೆ ಹಾಕಿಕೊಂಡು ಉಂಡು ಏಳಬಹುದಿತ್ತು. ಅದರಾಚೆ ನದಿ, ನದಿಯಾಚೆಗೂ ಕಣ್ಣು ಸೋಲುವಷ್ಟು ಕಟ್ಟಡಗಳು. ಸಂಜೆಯಾದರೆ ಅಜ್ಜಿಯರೆಲ್ಲ ಬಯಲಿನಲ್ಲಿ ಸಾಲಾಗಿ ನಿಂತು ಕುಣಿಯುತ್ತಿದ್ದರು. ಇಷ್ಟೊಂದು ಜನ ನನಗೆ ಗೊತ್ತೇ ಇಲ್ಲದೆ ಇಷ್ಟು ದಿನ ಬದುಕಿದ್ದರಲ್ಲ ಎಂದು ಬಾಯಿ ತೆರೆದುಕೊಂಡು ನಿಂತೆ. ನೀರು ಬೇಕೆಂದು ಕೈಸನ್ನೆ ಮಾಡಿದರೆ ಹೊಗೆಯಾಡುವ ಬಿಸಿನೀರು ಕೊಡುತ್ತಿದ್ದರು. ಅಮ್ಮ ಬೇಸಿಗೆಯಲ್ಲೂ ಜೀರಿಗೆ ಹಾಕಿದ ಬಿಸಿನೀರು ಕೊಟ್ಟಾಗ ಮುಖ ಸಿಂಡರಿಸುತ್ತಿದ್ದವಳು, ಇಲ್ಲಿ ಮರುಮಾತಾಡದೆ ಕುಡಿದೆ. ಬೆವರು ಎಂಬುದು ನನ್ನ ಮೈಯಲ್ಲೂ ಇದೆ ಎಂದು ಎಷ್ಟೋ ವರ್ಷದ ಮೇಲೆ ನೆನಪಾಯಿತು.

ಹೆಂಗ್‌ಯಾಂಗ್‌ಗೆ ಹಳೆಯ ಬಸ್ಸು ಹಿಡಿದೆ. ಹೊರಗೆ ನೂರೆರಡು ಡಿಗ್ರಿ ಫ್ಯಾರನ್‌ಹೀಟ್. ಏರುದಾರಿಯಲ್ಲಿ ಬಸ್ಸು ಏದುಸಿರು ಬಿಡತೊಡಗಿತು. ಎರಡನೆಯ ಸಾಲಿನಲ್ಲಿದ್ದ ನನಗೆ ಡ್ರೈವರ್ ಮುಂದೆ ಎಂಜಿನ್ನಿನ ಶಾಖ ತೋರಿಸುವ ಮುಳ್ಳು ಕೆಂಪಿಗೆ ಹೊರಳುವುದು ಕಾಣುತ್ತಿತ್ತು. ಆಗ ಮಾಡಬೇಕಾದ್ದು ಒಂದೇ: ಬಸ್ಸಿನೊಳಗಿನ ಹೀಟರ್ ಪೂರ್ತಿ ಹಾಕಬೇಕು. ಎಂಜಿನ್ನಿನ ಶಾಖ ಒಳಗೆ ಬರುತ್ತದೆ, ಎಂಜಿನ್ ಉಳಿಯುತ್ತದೆ. ಶಾಖ ಮಾಯವಾಗುವ ಪದಾರ್ಥವಲ್ಲ, ಎಲ್ಲಾದರೂ ಹೋಗಲೇಬೇಕು. ಈ ಉಪಾಯವನ್ನು ವರದಿಗಳಲ್ಲಿ ಅದೆಷ್ಟು ಸಲ ಬರೆದಿದ್ದೇನೋ. ಆದರೆ ನನ್ನ ಲ್ಯಾಬಿನ ಕಾರಿನಲ್ಲಿ ಯಾರೂ ಕೂತಿರುವುದಿಲ್ಲ.

ಡ್ರೈವರ್ ಹಿಂದಕ್ಕೆ ತಿರುಗಿ ಏನೋ ಕೂಗಿ ಹೇಳಿ, ಹೀಟರ್ ತಿರುಗಿಸಿದ. ಹಂಡೆಯ ಒಲೆಯ ಬಾಯಿ ಕಾಲ ಬಳಿಯೇ ತೆರೆದಂತಾಯಿತು. ಜಗಳ ಶುರುವಾಗುತ್ತದೆ ಎಂದು ಕಾದೆ. ಜನ ನಕ್ಕರು, ಕಿಟಕಿ ಸರಿಸಿದರು, ಒಬ್ಬ ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಪಕ್ಕದ ಮುದುಕಿ ಬೀಸಣಿಗೆ ತೆಗೆದು ತನಗೆರಡು ಬೀಸು, ನನಗೆರಡು ಬೀಸು ಎಂದು ಹಂಚತೊಡಗಿದಳು. ಯಾರದೋ ಫ್ಲಾಸ್ಕಿನ ಬಿಸಿನೀರು ಕೈಯಿಂದ ಕೈಗೆ ನನ್ನವರೆಗೂ ಬಂತು. ಸುಮ್ಮನೆ ಕೂರಲಾಗದೆ ನಾನೂ ಈರಣ್ಣನ ಡಬ್ಬ ತೆರೆದೆ. ದಾರಿಯ ಕುಲುಕಾಟಕ್ಕೆ ಒಂದು ರೊಟ್ಟಿಯೂ ಇಡಿಯಾಗಿ ಉಳಿದಿರಲಿಲ್ಲ. ಚೂರುಗಳನ್ನೇ ದಾಟಿಸಿದೆ. ಬಸ್ಸಿನ ತುಂಬ ಕಟಕಟ ಸದ್ದು. ಏರು ಮುಗಿಯುವ ಹೊತ್ತಿಗೆ ಮುಳ್ಳು ಇಳಿದಿತ್ತು. ನನಗೆ ಅಳು ಬಂತು, ನಾಚಿಕೆಯೂ ಆಯಿತು. ಆ ಬೆವರಿನಲ್ಲಿ ಕಣ್ಣೀರು ಯಾರಿಗೂ ಕಾಣಲಿಲ್ಲ.

ರಜೆ ಮುಗಿದ ಸೋಮವಾರ ಮ್ಯಾನೇಜರ್ ಕೋಣೆಗೆ ಹೋಗಿ ನಾಲ್ಕು ದಿನಕ್ಕೆ ಹೂಂ ಎಂದು ಬಂದೆ. ಆಮೇಲೆ ಡಬ್ಬ ಈರಣ್ಣನಿಗೆ ಕೊಟ್ಟೆ. ಬರಿದಾಗಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿದ್ದೆ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಕೊನೆಗೆ ಕೇಳಿದ್ದು ಇಷ್ಟೇ: "ರೊಟ್ಟಿ ದಾರ್ಯಾಗ ಮುರದಿರ್ಬೇಕಲ್ರೀ ಮೇಡಂ?"

"ಮುರಿದಿದ್ವು ಈರಣ್ಣ" ಎಂದೆ. "ಅದಕ್ಕೇ ಇಡೀ ಬಸ್ಸಿಗೆ ಸಾಕಾಯ್ತು."