ಮಂಗಳ ಹಾಡದೆ ಮುಚ್ಚಿದ ಪೇಟಿ

ಮಧ್ಯಾಹ್ನ ಉಂಡು ಮಲಗಿದರೆ ಮಂಚದ ಕೆಳಗಿನಿಂದ ಪೇಟಿಯ ದನಿ ಕೇಳುತ್ತಿತ್ತು. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಅದನ್ನು ಯಾರೂ ನುಡಿಸುತ್ತಿರಲಿಲ್ಲ. ನನ್ನ ಹಳೆಯ ಇಳಕಲ್ ಸೀರೆ ಸುತ್ತಿಕೊಂಡು ಅದು ತನ್ನಷ್ಟಕ್ಕೆ ಕತ್ತಲಲ್ಲಿ ಕೂತಿತ್ತು. ಆದರೂ ಇನ್ನೇನು ನಿದ್ದೆ ಹತ್ತಿತು ಅನ್ನುವಾಗ ಒಂದೇ ಒಂದು ಸ್ವರ ಉದ್ದಕ್ಕೆ ಎಳೆದುಕೊಂಡು ಬರುತ್ತಿತ್ತು. ಆ ಸ್ವರದಲ್ಲಿ ನಾನು ಎಲ್ಲೆಲ್ಲಿಗೋ ಹೋಗುತ್ತಿದ್ದೆ, ಕಂಬಳಿ ಹಾಸಿದ ಪಡಸಾಲೆ, ಊದುಬತ್ತಿಯ ಹೊಗೆ, ಬಾಗಿಲ ಹೊರಗೆ ಗುಂಪಾಗಿ ಬಿಟ್ಟ ಚಪ್ಪಲಿಗಳು. ಎದ್ದು ಕೂತರೆ ದನಿ ನಿಂತುಬಿಡುತ್ತಿತ್ತು. ಕೊಟ್ಟೂರಿನ ಬಿಸಿಲು ಕಿಟಕಿಯಿಂದ ಬಂದು ನೆಲದ ಮೇಲೆ ಬಿದ್ದಿರುತ್ತಿತ್ತು. ನನಗೆ ನಾನೇ ಬೈದುಕೊಂಡು ಚಹಾ ಇಡಲು ಹೋಗುತ್ತಿದ್ದೆ.

ಅದು ನಮ್ಮ ಮನೆಯವರ ಪೇಟಿ. ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುವಾಗ ಮಹಾ ಜಿಪುಣರಾಗಿದ್ದ ಅವರು ಪೇಟಿಯ ಮುಂದೆ ಕೂತರೆ ಬೇರೆಯೇ ಮನುಷ್ಯ. ಪ್ರತಿ ಸೋಮವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಭಜನೆ. ಅದಕ್ಕೊಂದು ಕಟ್ಟಳೆ ಇತ್ತು. ತೆರೆದ ಪೇಟಿಯನ್ನು ಮಂಗಳ ಹಾಡದೆ ಮುಚ್ಚುವಂತಿಲ್ಲ. ಮಂಗಳ ಶುರುವಾದರೆ ಎಲ್ಲರೂ ಎದ್ದು ನಿಲ್ಲಬೇಕು, ಮೊಣಕಾಲು ನೋವಿನವರೂ ಗೋಡೆ ಹಿಡಿದಾದರೂ ಏಳಬೇಕು. ಒಂದು ಸೋಮವಾರ ಹಾಡಿನ ನಡುವೆಯೇ ಅವರು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದರು. ಎಲ್ಲರೂ ಆಸ್ಪತ್ರೆಗೆ ಓಡಿದೆವು. ಅವರಿಲ್ಲದೆ ಮನೆಗೆ ಬಂದಾಗ ಪೇಟಿಯನ್ನು ಯಾರೋ ಮುಚ್ಚಿ ಚಿಲಕ ಹಾಕಿ ಗೋಡೆಗೆ ಸರಿಸಿದ್ದರು. ಆಮೇಲೆ ಭಜನೆ ಗುಡಿಗೆ ಹೋಯಿತು, ಪೇಟಿಯ ಬದಲು ಗುಂಡಿಗಳ ಕೀಬೋರ್ಡು ಬಂತು. ಆ ಸೋಮವಾರದ ಮಂಗಳ ಮಾತ್ರ ಹಾಗೆಯೇ ಉಳಿಯಿತು. ಮಧ್ಯಾಹ್ನಗಳಲ್ಲಿ ನನ್ನನ್ನು ಎಬ್ಬಿಸುತ್ತಿದ್ದುದು ಅದೇ ಎಂದು ನನಗೆ ಗೊತ್ತಿತ್ತು.

ಪಕ್ಕದ ಮನೆಯವನು ಮೋಟಾರ್ ಸೈಕಲ್ ಮೆಕ್ಯಾನಿಕ್. ನಾನು ಅವನನ್ನು ಭಾಯಿ ಅನ್ನುತ್ತೇನೆ, ಅವನು ನನ್ನನ್ನು ಅಕ್ಕಾರೆ ಅನ್ನುತ್ತಾನೆ. ಒಂದು ದಿನ ಅವನೇ ಪೇಟಿಯನ್ನು ಹೊರಗೆಳೆದು, ಹಿಂದಿನ ತಿದಿಯ ಮಡಿಕೆಗಳನ್ನು ಬೆರಳಿಂದ ಸವರಿ ನೋಡಿದ.

"ಅಕ್ಕಾರೆ, ಹಿಂಗ ಇಟ್ರ ಇಲಿ ತಿದಿ ಕಡಿತಾವ್ರಿ. ನುಡಿಸೋರಿಗಿ ಕೊಟ್ಬಿಡ್ರಿ."

ನನಗೆ ಸಿಟ್ಟು ಬಂತು. ಆದರೆ ಎರಡು ದಿನ ಬಿಟ್ಟು ಯೋಚಿಸಿದಾಗ ಅವನ ಮಾತೇ ಸರಿ ಅನ್ನಿಸಿತು. ಕೊಡುವುದೇ ಆದರೆ ಮಂಗಳ ನುಡಿಸಿಯೇ ಒಯ್ಯಬೇಕು ಎಂದು ಮನಸ್ಸಿನಲ್ಲೇ ಕರಾರು ಹಾಕಿಕೊಂಡೆ. ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ನಗುತ್ತಾರೆ, ಎದುರಿಗೆ ಬಂದಾಗ ಕೇಳಿದರಾಯಿತು ಎಂದುಕೊಂಡೆ.

ಭಾಯಿ ಪೇಟಿಯ ಫೋಟೋ ತೆಗೆದು ಹಳೆಯ ಸಾಮಾನು ಮಾರುವ ಕಡೆ ಹಾಕಿದ. ಸಂಜೆಯಿಂದಲೇ ಫೋನು. ಒಬ್ಬ ಮಿಲಿಟರಿಯವನಂತೆ, ಪೇಟಿ ನೋಡುವುದೇ ಬೇಡವಂತೆ, ತಾನು ಕಳಿಸುವ ಚೌಕದ ಮೇಲೆ ಫೋನ್ ಹಿಡಿದರೆ ಹಣ ನನ್ನ ಖಾತೆಗೆ ಬಂದುಬಿಡುತ್ತದಂತೆ. ಬರುವ ಹಣಕ್ಕೆ ನಾನೇಕೆ ನನ್ನ ಗುಟ್ಟಿನ ನಂಬರ್ ಒತ್ತಬೇಕಪ್ಪ ಎಂದು ಕೇಳಿದ್ದಕ್ಕೆ ಫೋನ್ ಇಟ್ಟ. ಇನ್ನೊಬ್ಬ ಪೇಟಿಯ ಮಾತೇ ಎತ್ತಲಿಲ್ಲ. "ಮನ್ಯಾಗ ಯಾರ್ ಯಾರ್ ಅದೀರಿ? ಮಧ್ಯಾಹ್ನ ಒಬ್ರೇ ಇರ್ತೀರೇನು?" ಎಂದು ಮೆಲ್ಲಗೆ ಕೇಳಿದ. ಅಂದು ಹಿತ್ತಲ ಬಾಗಿಲಿಗೆ ಒರಳುಕಲ್ಲು ಅಡ್ಡ ಇಟ್ಟೇ ಮಲಗಿದೆ.

ಮೂರನೆಯದು ಹೆಂಗಸಿನ ದನಿ. ಹರಪನಹಳ್ಳಿಯಾಚೆಯ ಹಲವಾಗಲಿನವಳು. ಹೊಳೆದಂಡೆಯಲ್ಲಿ ಹೊಲ, ಊರಲ್ಲಿ ಹೆಂಗಸರದೇ ಒಂದು ಭಜನೆ ಮೇಳ. ಗಂಡಸರು ತಮ್ಮ ಪೇಟಿ ಮುಟ್ಟಗೊಡುವುದಿಲ್ಲವಂತೆ. ಆ ದನಿ ನನಗೆ ಹಿಡಿಸಿತು. ಭಾಯಿಗೆ ಮಾತ್ರ ಯಾರ ದನಿಯ ಮೇಲೂ ನಂಬಿಕೆ ಇಲ್ಲ.

"ದನಿ ಚಲೋ ಇದ್ರ ಏನಾತ್ರಿ? ಮನಿಗಿ ಕರಿಬ್ಯಾಡ್ರಿ. ಮನಿ ಎಲ್ಲೈತಿ ಅಂತಾನೂ ಹೇಳಬ್ಯಾಡ್ರಿ. ಹಗಲೊತ್ತಿನ್ಯಾಗ, ನಾಕ್ ಮಂದಿ ಓಡಾಡೋ ಜಾಗದಾಗ ಕರೀರಿ. ನಾ ದೂರ ನಿಂತಿರ್ತೀನಿ. ಏನರ ಎಡವಟ್ಟಾದ್ರ ಜೋರಾಗಿ ಕೆಮ್ಮ್ರಿ, ಓಡಿ ಬರ್ತೀನಿ."

ನಾಲ್ಕು ಮಂದಿ ಓಡಾಡುವ ಜಾಗವನ್ನೂ ಅವನೇ ಆರಿಸಿದ. ಪೊಲೀಸ್ ಠಾಣೆಯ ಮುಂದಿನ ಬೇವಿನ ಕಟ್ಟೆ! ಅಲ್ಲಿ ಯಾವ ಕಳ್ಳ ಬರುತ್ತಾನೆ ಹೇಳಿ. ನನಗೂ ಅದು ಭಾರಿ ಬುದ್ಧಿವಂತಿಕೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಸೀರೆ ಸುತ್ತಿದ ಪೇಟಿಯನ್ನು ಪಕ್ಕದಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತೆ. ಭಾಯಿ ರಸ್ತೆಯಾಚೆ ಪಾನ್ ಅಂಗಡಿಯ ಬಳಿ ನಿಂತ. ಬೇವಿನ ಹೂವು ಸಣ್ಣಗೆ ತಲೆಯ ಮೇಲೆ ಉದುರುತ್ತಿತ್ತು. ನಾನು ಎಲ್ಲೋ ತೇಲಿಹೋದೆ. ನಮ್ಮವರು ಅಂಗಡಿಯ ಬಾಗಿಲು ಹಾಕಿ, ಕೈಗೆ ಹತ್ತಿದ ಬೆಲ್ಲದ ಜಿಗುಟು ತೊಳೆದುಕೊಂಡು, ಒದ್ದೆ ಬೆರಳಿಂದಲೇ ಮೊದಲ ಸ್ವರ ಹಿಡಿಯುತ್ತಿದ್ದರು.

"ಅಕ್ಕಾ, ಏನಾತು? ಮನಿ ಕಳುವಾತೇನು?"

ಕಣ್ಣು ಬಿಟ್ಟರೆ ಪರಿಚಯದ ಹೆಂಗಸು. ಇಲ್ಲವ್ವ ಅಂದೆ. ಅವಳು ಹೋಗುವಷ್ಟರಲ್ಲಿ ಇನ್ನೊಬ್ಬರು ಬಂದು, ಆಸ್ತಿ ಜಗಳವಾದರೆ ರಾಜಿ ಆಗುವುದೇ ಒಳ್ಳೆಯದು ಅಂದರು. ನಮ್ಮ ಕಿರಾಣಿ ಅಂಗಡಿಗೆ ಬರುತ್ತಿದ್ದವರೆಲ್ಲ ಸಾಲಾಗಿ ಬಂದು ಕನಿಕರಪಟ್ಟು ಹೋದರು. ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡೂ ಹೋದಳು, ಯಾವ ದುಃಖಕ್ಕೋ ದೇವರೇ ಬಲ್ಲ. ನಮ್ಮಲ್ಲಿ ಠಾಣೆಯ ಮುಂದೆ ಕೂತರೆ ಮಾನ ಹೋಯಿತೆಂದೇ ಲೆಕ್ಕ, ಅದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಇದರ ನಡುವೆ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಗಂಡಸೊಬ್ಬ ಪೇಟಿಯನ್ನೇ ನೋಡುತ್ತ ಅತ್ತಿಂದಿತ್ತ ಸುಳಿದಾಡುತ್ತಿದ್ದ. ಮಧ್ಯಾಹ್ನ ಒಬ್ಬರೇ ಇರುತ್ತೀರೇನು ಎಂದವನು ಇವನೇ ಇರಬೇಕೆಂದು ಸೀರೆಯ ಗಂಟನ್ನು ಬಿಗಿಯಾಗಿ ಹಿಡಿದುಕೊಂಡೆ.

ಫೋನ್ ಬಂತು. ಅವಳೇ.

"ಅಕ್ಕಾ, ನಾ ಬರಂಗಿಲ್ರಿ. ಠಾಣಿ ಮುಂದ ಯಾರ್ ಪೇಟಿ ಮಾರ್ತಾರ್ರಿ? ಕದ್ದ ಮಾಲೇನೋ, ನನ್ನೇ ಹಿಡಿಸೋಕ ನಿಂತೀರೇನೋ, ಯಾರಿಗ್ ಗೊತ್ತು? ಬಸ್ ಸ್ಟ್ಯಾಂಡಿಂದ್ಲೇ ವಾಪಸ್ ಹೊಂಟೀನಿ."

"ಕದ್ದ ಮಾಲಂತ! ನಿಂದ್ರವ್ವ, ಬಸ್ ಹತ್ತಬ್ಯಾಡ. ಅಲ್ಲೇ ಮಿರ್ಚಿ ಹೋಟೆಲ್ ಐತಿ, ಅಲ್ಲಿಗಿ ಬಾ" ಎಂದು ಕೂಗಿದೆ. ಅವಳು ಹೋದರೆ ಮಂಗಳವೂ ಹೋಗುತ್ತದೆಂಬ ಭಯ ಆ ಟವೆಲ್ಲಿನವನ ಭಯಕ್ಕಿಂತ ದೊಡ್ಡದಾಗಿತ್ತು. ಪೇಟಿಯನ್ನು ಸೊಂಟಕ್ಕೇರಿಸಿಕೊಂಡು ಹೊರಟೇಬಿಟ್ಟೆ.

ಹೋಟೆಲಿನ ಮೂಲೆಯಲ್ಲಿ ಅವಳು ಕೂತಿದ್ದಳು. ನಲವತ್ತರ ಆಸುಪಾಸು, ಬಿಸಿಲಿಗೆ ಕಂದಿದ ಮುಖ, ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದ ಚೀಲ. ಇಬ್ಬರೂ ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿಕೊಂಡೆವು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂದವು. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಒಂದು ಮಿರ್ಚಿಯನ್ನು ಅರ್ಧಕ್ಕೆ ಕಚ್ಚಿದೆ. ಖಾರ ನೆತ್ತಿಗೇರಿತು. ಕೆಮ್ಮು ಬಂತು ನೋಡಿ, ತಡೆದಷ್ಟೂ ಜೋರಾಯಿತು.

ಭಾಯಿ ಸ್ಪ್ಯಾನರ್ ಹಿಡಿದುಕೊಂಡು ಒಳಗೆ ನುಗ್ಗಿದ. ಅವನನ್ನು ಕಂಡು ಅವಳು ಕೈ ಮೇಲೆತ್ತಿದಳು. ಅವಳ ಕೈ ಕಂಡು ಆ ಟವೆಲ್ಲಿನವನು ನುಗ್ಗಿದ. "ಯಾರಲೇ ನೀನು?" ಎಂದು ಅವನು, "ನೀ ಯಾರಲೇ?" ಎಂದು ಇವನು. ಕಣ್ಣು, ಮೂಗಲ್ಲೆಲ್ಲ ನೀರು ಸುರಿಸುತ್ತ ನಾನು ಮಿರ್ಚಿಯ ತುಂಡನ್ನು ಎತ್ತಿ ತೋರಿಸಿದೆ. ಮೊದಲು ನಕ್ಕವಳು ಅವಳೇ.

"ಇವ ನಮ್ಮಣ್ಣರಿ ಅಕ್ಕಾ. ಗುರ್ತಿಲ್ಲದ ಊರು, ನೀವು ಎಂಥೋರೋ ಅಂತ ಹೆದರಿ ಕರ್ಕಂಬಂದೆ. ನಾ ಕೈ ಎತ್ತಿದ್ರ ಮಾತ್ರ ಬಾ ಅಂದಿದ್ದೆ."

ನಮ್ಮನ್ನು ಕಂಡೂ ಹೆದರುವವರಿದ್ದಾರೆ ಎಂಬುದು ನನಗೆ ಅವತ್ತೇ ತಿಳಿದದ್ದು. ಹೆಂಗಸರಿಗೆ ಬಸ್ ಬಿಟ್ಟಿಯಾದರೂ ತನಗೆ ಟಿಕೆಟ್ ಬಿತ್ತೆಂದು ಆ ಅಣ್ಣ ಗೊಣಗಿದ. ಭಾಯಿ ಸ್ಪ್ಯಾನರನ್ನು ಜೇಬಿಗೆ ತುರುಕಿ ಅವನಿಗೆ ಮಂಡಕ್ಕಿಯ ತಟ್ಟೆ ಸರಿಸಿದ.

ಟೇಬಲ್ ಒರೆಸಿ ಪೇಟಿ ತೆರೆದೆವು. ಅವಳು ಮೊದಲು ಅದಕ್ಕೆ ಕೈ ಮುಗಿದಳು, ಆಮೇಲೆ ತಿದಿ ಎಳೆದಳು. ನಾನು ಮಧ್ಯಾಹ್ನಗಳಲ್ಲಿ ಕೇಳುತ್ತಿದ್ದ ಸ್ವರವೇ ಹೊರಬಂತು. ಅದನ್ನೇ ಹಿಡಿದು ಅವಳು ಒಂದು ಹಾಡು ಎತ್ತಿಕೊಂಡಳು. ಬೆರಳೊತ್ತುವ ಸ್ವರದ ಮನೆಗಳಲ್ಲಿ ಒಂದು, ಒತ್ತಿದರೆ ಮೇಲೆ ಬಾರದೆ ಹಾಗೆಯೇ ಊಳಿಡುತ್ತಿತ್ತು, ಅದರ ಹಳೆಯ ದೋಷ. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಹಾಡು ನಿಲ್ಲಿಸದೆ ಕಿರುಬೆರಳಿನ ಉಗುರಿಂದ ಅದನ್ನು ಮೇಲೆತ್ತಿದಳು. ನಮ್ಮವರು ಎತ್ತುತ್ತಿದ್ದುದೂ ಹಾಗೆಯೇ. ಹೋಟೆಲಿನ ಹೊಗೆ, ಬಸ್ಸಿನ ಹಾರ್ನು, ಎಲ್ಲ ದೂರ ಸರಿದವು.

ಹಾಡು ನಿಂತಾಗ ಕೇಳಿಯೇಬಿಟ್ಟೆ, ಆ ಸೋಮವಾರದ್ದೆಲ್ಲ ಹೇಳಿ. ಒಂದು ಮಂಗಳ ನುಡಿಸಿ ತಗೊಂಡು ಹೋಗವ್ವ, ನನಗೆ ಅಷ್ಟೇ ಬೇಕು ಎಂದೆ.

ಅವಳು ಪೇಟಿಯ ಮೇಲೆ ಕೈಯಿಟ್ಟು ತಲೆ ಅಲ್ಲಾಡಿಸಿದಳು. "ತಗೊಂಡ ದಿನಾನೇ ಮಂಗಳ ಹಾಡಬಾರ್ದ್ರಿ ಅಕ್ಕಾ. ಪೂರಾ ಭಜನಿ ಆಗಬೇಕು, ಆಮ್ಯಾಲೆ ಮಂಗಳ. ನಮ್ಮದೂ ಸೋಮವಾರಾನೇ. ನಿಮಗ ಫೋನ್ ಹಚ್ತೀನಿ."

ನನ್ನ ಮುಖ ಸಣ್ಣದಾಯಿತು. ಅಪರಿಚಿತರ ಬಾಯಿಮಾತು ನಂಬಬೇಡಿ ಎಂದು ಭಾಯಿ ಎಷ್ಟು ಸಲ ಹೇಳಿದ್ದ! ಆದರೂ ಪೇಟಿ ಕೊಟ್ಟೆ, ಸೀರೆಯ ಸಮೇತ. ಹರಪನಹಳ್ಳಿ ಬಸ್ಸಿನ ಕಿಟಕಿಯಲ್ಲಿ ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. "ಹುಷಾರವ್ವ, ಊರ್ ಮುಟ್ಟಿದ ಕೂಡ್ಲೆ ಫೋನ್ ಮಾಡು" ಎಂದೆ. ಬೆಳಿಗ್ಗೆ ಅವಳಿಂದ ನನ್ನನ್ನು ಕಾಯಲು ಭಾಯಿ ನಿಂತಿದ್ದನೆಂಬುದು ನನಗೆ ನೆನಪೇ ಇರಲಿಲ್ಲ. ಸಂಜೆ ಫೋನ್ ಬಂತು, ಮುಟ್ಟಿದೆವೆಂದು.

ಸೋಮವಾರ ಮಧ್ಯಾಹ್ನ ಮಲಗಿದರೆ ಮಂಚದ ಕೆಳಗೆ ಸದ್ದಿಲ್ಲ. ಆ ಮೌನ ನನಗೆ ಸೇರಲಿಲ್ಲ. ಸಂಜೆ ಅಡುಗೆಮನೆಯಲ್ಲಿ ಕೂತು ಮೆಂತೆ ಸೊಪ್ಪು ಬಿಡಿಸುತ್ತ ಫೋನಿನ ಕಡೆಯೇ ನೋಡುತ್ತಿದ್ದೆ. ಬರುವುದಿಲ್ಲ, ಯಾಕೆ ಬರುತ್ತದೆ ಎಂದು ಬೈದುಕೊಳ್ಳುವಾಗಲೇ ಬಂತು.

"ಅಕ್ಕಾ, ಭಜನಿ ಆತ್ರಿ, ಈಗ ಮಂಗಳ. ಕೇಳ್ರಿ."

ತಾಳದ ಸದ್ದು, ಅದರ ಹಿಂದೆ ಪೇಟಿ, ನಡುವೆ ಆ ಊಳಿಡುವ ಮನೆ. ಮಡಿಲಿನ ಸೊಪ್ಪು ನೆಲಕ್ಕೆ ಚೆಲ್ಲಿತು, ನಾನು ಎದ್ದು ನಿಂತಿದ್ದೆ. ನಾನು ಕಂಡೇ ಇಲ್ಲದ ಹೆಂಗಸರು ಹೊಳೆದಂಡೆಯ ಊರಲ್ಲಿ ನಿಂತು ನಮ್ಮ ಮನೆಯ ಮಂಗಳ ಹಾಡುತ್ತಿದ್ದರು. ಗೋಡೆಯಾಚೆ ಭಾಯಿಯ ಸುತ್ತಿಗೆ ನಿಂತಿತು. ನಮ್ಮವರು ಹೋದ ದಿನ ಬಾರದ ಅಳು ಅವತ್ತು ಬಂತು. ಒರೆಸಿಕೊಳ್ಳಲಿಲ್ಲ.

ಹಾಡು ಮುಗಿದ ಮೇಲೆ ಆ ಕಡೆ ತಾಳ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ ಅವಳು ಕೇಳಿದಳು.

"ಅಕ್ಕಾ, ಪೇಟಿ ಮುಚ್ಚಲೇನ್ರಿ?"

"ಮುಚ್ಚವ್ವ" ಅಂದೆ.