ಡಾಕ್ಟರ ದನಿಯಲ್ಲಿ ಒಂದು ಫೋನು

ಅಪ್ಪನಿಗೆ ಮೊದಲು ನೋವು ಬಂದದ್ದು ಚಪ್ಪಲಿ ಹಾಕಿಕೊಳ್ಳುವಾಗ. ಬಗ್ಗಿದವರು ಏಳಲಿಲ್ಲ. ಸಿಟಿ ಬಸ್ಸಿನ ಕಂಡಕ್ಟರಾಗಿ ನಿಂತೇ ದುಡಿದ ಬೆನ್ನು, ಹಿಡಿದುಕೊಂಡಿದೆ ಅಂದುಕೊಂಡೆವು. ನಾನಂತೂ ಅವರದೇ ದನಿಯಲ್ಲಿ "ಒಳಗ್ ನಡೀರಿ, ಮುಂದೆ ಖಾಲಿ ಇದೆ" ಎಂದು ರೇಗಿಸಿದೆ. ಮಿಮಿಕ್ರಿ ನನ್ನ ಹೊಟ್ಟೆಪಾಡು. ಮನೆಯವರಿಗೆ ಅದೇ ತಲೆನೋವು.

ಅವತ್ತು ಅಪ್ಪ ಬಯ್ಯಲಿಲ್ಲ.

ಸ್ಕ್ಯಾನ್ ಆಯಿತು, ಬಯಾಪ್ಸಿ ಆಯಿತು. ಪ್ರಾಸ್ಟೇಟ್ ಕ್ಯಾನ್ಸರ್. ಬೆನ್ನುಮೂಳೆಗೆ ಹರಡಿದೆ.

ವಾಸಿಯಾಗುವ ಮಾತನ್ನು ಡಾಕ್ಟರು ಆಡಲಿಲ್ಲ. ನೋವು ಕಮ್ಮಿ ಮಾಡೋಣ ಎಂದರು, ಮೂಗಿನಲ್ಲೇ ಮಾತಾಡುತ್ತ, ಪ್ರತಿ ಮಾತಿನ ಕೊನೆಗೂ ಒಂದು "ಓಕೆನಾ" ಸೇರಿಸುತ್ತ. ಅಂಥ ಹೊತ್ತಿನಲ್ಲೂ ನನ್ನ ಕಿವಿ ಆ ದನಿಯನ್ನು ಕದ್ದಿಟ್ಟುಕೊಂಡಿತು. ನಾಚಿಕೆಗೆಟ್ಟ ಕಿವಿ.

ಮಾರ್ಫಿನ್ ಮಾತ್ರೆ ಶುರುವಾಯಿತು. ನಶೆಯ ದಂಧೆಗೆ ಜಾರದಿರಲೆಂದು ಸರ್ಕಾರ ಕಣ್ಣಿಟ್ಟು ಕಾಯುವ ಮಾತ್ರೆ ಅದು. ಪ್ರತಿ ಸಲ ಹೊಸ ಚೀಟಿ, ಚೀಟಿಗೆ ಸೀಲು, ರಿಜಿಸ್ಟರಿನಲ್ಲಿ ಹೆಸರು. ವಿಜಯನಗರದಲ್ಲಿ ನಾನು ಕೇಳಿದ ಮೆಡಿಕಲ್ ಸ್ಟೋರಿನವರೆಲ್ಲ ಇಲ್ಲವೆಂದು ತಲೆಯಾಡಿಸಿದರು. ಕೊನೆಗೆ ಬಸವೇಶ್ವರನಗರದ ಒಂದು ಅಂಗಡಿಯಲ್ಲಿ ಸಿಕ್ಕಿತು.

ಒಂದು ವಾರ ನೋವು ಏರಿತು. ಡಾಕ್ಟರು ಹೇಳಿದ್ದಂತೆ ನಡುನಡುವೆ ಒಂದೊಂದು ಹೆಚ್ಚಿಗೆ ಕೊಟ್ಟೆವು. ಶನಿವಾರ ಬೆಳಿಗ್ಗೆ ಮಾತ್ರೆ ಮುಗಿದಿತ್ತು. ಡಾಕ್ಟರ ಓಪಿಡಿ ಸೋಮವಾರ. ಅಪ್ಪ ದಿಂಬಿನ ಮೂಲೆ ಕಚ್ಚಿಕೊಂಡು ಮಲಗಿದ್ದರು. ಅಮ್ಮ ಡಾಕ್ಟರಿಗೆ ಫೋನ್ ಮಾಡು ಎಂದಳು.

ಮಾಡಬಹುದಿತ್ತು. ಆದರೆ ಡಾಕ್ಟರನ್ನು ಬೇಡುವುದಕ್ಕಿಂತ ಡಾಕ್ಟರೇ ಆಗಿಬಿಡುವುದು ನನಗೆ ಸುಲಭ. ಬಾಲ್ಕನಿಗೆ ಹೋಗಿ, ಮೂಗು ಬಿಗಿಹಿಡಿದು, ಅಂಗಡಿಗೆ ಫೋನ್ ಮಾಡಿದೆ. ಚೀಟಿ ಸೋಮವಾರ ಕಳಿಸ್ತೀನಿ, ಈಗ ಪೇಷಂಟಿನ ಮಗನ ಕೈಗೆ ಮಾತ್ರೆ ಕೊಡಿ, ಓಕೆನಾ ಎಂದೆ. ಆಯಿತು ಸಾರ್ ಅಂದರು. ಯಾವ ಸ್ಟೇಜಿನಲ್ಲೂ ಅಷ್ಟು ಚೆನ್ನಾಗಿ ಮಾಡಿರಲಿಲ್ಲ. ಎದೆ ಉಬ್ಬಿಸಿಕೊಂಡೇ ಸ್ಕೂಟರ್ ಹತ್ತಿದೆ.

ಅಂಗಡಿಯ ಅಂಕಲ್ ನನ್ನನ್ನು ನೋಡಿ ಕನ್ನಡಕ ತೆಗೆದರು.

"ಡಾಕ್ಟ್ರಿಗೆ ನಾನೇ ತಿರುಗಿ ಫೋನ್ ಮಾಡ್ದೆ ಕಣಪ್ಪ. ಅವರು ಮಾಡೇ ಇಲ್ವಂತೆ. ರಾಜಾಜಿನಗರದ ಮೀಟಿಂಗಲ್ಲಿ ಹೀಗ್ ಮಾಡಿ ಅಂತ ನೀನೇ ಅಲ್ವಾ ಹೇಳಿಕೊಟ್ಟಿದ್ದು?"

ನಾನೇ. ಔಷಧಿ ಅಂಗಡಿಯವರಿಗೆಂದು ಪೊಲೀಸರು ಮಾದಕವಸ್ತು ಜಾಗೃತಿ ಸಭೆ ಮಾಡಿದ್ದರು. ಅದರಲ್ಲಿ ಡಾಕ್ಟರ ದನಿಯಲ್ಲಿ ಫೋನ್ ಮಾಡಿ ಮಾತ್ರೆ ಲಪಟಾಯಿಸುವ ಕಳ್ಳನ ಪಾತ್ರ ನನ್ನದು. ದನಿ ನಂಬಬೇಡಿ, ನೀವೇ ತಿರುಗಿ ಫೋನ್ ಮಾಡಿ ಎಂದು ಮುಗಿಸಿದ್ದೆ. ಶಾಲು ಹೊದಿಸಿದ್ದರು. ಮೊದಲನೇ ಸಾಲಿನಲ್ಲಿ ಚಪ್ಪಾಳೆ ತಟ್ಟಿದ್ದವರು ಇದೇ ಅಂಕಲ್.

"ನಿಮ್ಮಪ್ಪ ಒದ್ದಾಡೋದು ಗೊತ್ತು. ಕೊಟ್ರೆ ನನ್ನ ಲೈಸೆನ್ಸ್ ಹೋಗುತ್ತೆ" ಎಂದು ತಲೆ ತಗ್ಗಿಸಿದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ದಾರಿ ಇರಲಿಲ್ಲ.

ಆಮೇಲೆ ನನ್ನ ದನಿಯಲ್ಲೇ ಡಾಕ್ಟರಿಗೆ ಫೋನ್ ಮಾಡಿದೆ. ಮೊದಲೇ ಕೇಳಿದ್ದರೆ ಡ್ಯೂಟಿ ಡಾಕ್ಟರ ಕೈಲಿ ಚೀಟಿ ಬರೆಸುತ್ತಿದ್ದರಂತೆ.

"ಈಗ ನಿಮ್ಮ ಮಾತಿನ ಮೇಲೆ ಬರೆಸೋಕಾಗಲ್ಲ. ಪೇಷಂಟನ್ನೇ ಕರ್ಕೊಂಡ್ ಬನ್ನಿ."

ಓಕೆನಾ ಅನ್ನಲಿಲ್ಲ.

ಆಸ್ಪತ್ರೆ ಕೆಂಗೇರಿಯ ಕಡೆ. ಆಂಬ್ಯುಲೆನ್ಸಿನಲ್ಲಿ, ಮಗ್ಗುಲು ಬದಲಿಸಲೂ ಆಗದ ಅಪ್ಪನನ್ನು, ಒಂದೊಂದೇ ರೋಡ್ ಹಂಪು ದಾಟಿಸಿಕೊಂಡು ಹೋದೆವು. ಪ್ರತಿ ಹಂಪಿಗೂ ಅವರ ಉಗುರು ನನ್ನ ಮಣಿಕಟ್ಟಿಗೆ ಇಳಿಯುತ್ತಿತ್ತು. ಎಲ್ಲಿದೀವಿ ಎಂದು ಕೇಳಿದರು.

"ನಾಯಂಡಹಳ್ಳಿ, ಅಪ್ಪ."

"ಸರಿಯಾಗಿ ಕೂಗೋ."

ಕಂಡಕ್ಟರ್ ದನಿಯಲ್ಲಿ ಸ್ಟಾಪಿನ ಹೆಸರು ಕೂಗಲು ಬಾಯಿ ತೆರೆದೆ. ಚಿಕ್ಕಂದಿನಿಂದ ನಾನು ಆಡಿಕೊಂಡು ಬಂದ ದನಿ ಅದು. ಬರಲಿಲ್ಲ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು, ಚೀಟಿಯನ್ನೂ ಬರೆದರು. ಅಪ್ಪ ಕಚ್ಚಿ ಹಿಡಿದಿದ್ದ ಹಲ್ಲು ಸಡಿಲಿಸಿದ್ದನ್ನು ನೋಡಿ ಅಮ್ಮ ಗೋಡೆಗೆ ಒರಗಿ ಕೂತಳು.

ಈಗ ಅಪ್ಪ ಒಂದೇ ಸಮ ಮೂರು ಗಂಟೆ ನಿದ್ದೆ ಮಾಡುತ್ತಾರೆ. ಅಷ್ಟಕ್ಕೇ ಕೈ ಮುಗಿಯುತ್ತೇನೆ. ಮಾತ್ರೆ ಮುಗಿಯುವ ಎರಡು ದಿನ ಮೊದಲೇ ಡಾಕ್ಟರಿಗೆ ಫೋನ್ ಮಾಡುತ್ತೇನೆ. ನನ್ನ ಹೆಸರು ಕೇಳಿದ ತಕ್ಷಣ ಅವರು ಕಟ್ ಮಾಡುತ್ತಾರೆ. ನನ್ನ ದನಿ ನಂಬುವ ಹಾಗಿಲ್ಲವಲ್ಲ, ನಮ್ಮ ನಂಬರಿಗೆ ಅವರೇ ತಿರುಗಿ ಮಾಡಬೇಕು.

ಅಲ್ಲಿಯವರೆಗೆ ಫೋನ್ ಹಿಡಿದು ಅಪ್ಪನ ಮಂಚದ ಪಕ್ಕ ನಿಂತಿರುತ್ತೇನೆ. ಇನ್ನೂ ಮಾಡಿಲ್ವೇನೋ ಎಂದು ಅವರು ಕೇಳುತ್ತಾರೆ.

"ಮಾಡ್ತಾರೆ ಅಪ್ಪ" ಅನ್ನುತ್ತೇನೆ. ಇದುವರೆಗೆ ಮಾಡಿದ್ದಾರೆ.