ಮಾಯಿಯ ಬನ್ನು, ಶಿವಬಸವ್ವನ ಕೈ

ನನ್ನ ತಾಯಿ ನತಾಲಿನಾಗೆ ಸಿಟ್ಟು ಬರುತ್ತಿರಲಿಲ್ಲ. ಅವಳ ಪಾಲಿನ ಸಿಟ್ಟನ್ನೂ ನನಗೇ ಬಿಟ್ಟು ಹೋಗಿದ್ದಾಳೆ. ಹಾಗಾಗಿ ಈ ಕತೆಯನ್ನು ನಾನು ಮೆತ್ತಗೆ ಹೇಳುತ್ತೇನೆಂದು ಯಾರೂ ನಂಬಬೇಡಿ.

ಖಾನಾಪುರದ ನಮ್ಮ ಓಣಿಯಲ್ಲಿ ಕ್ರಿಶ್ಚಿಯನ್ನರದು ನಮ್ಮದೊಂದೇ ಮನೆ. ಅಪ್ಪ ಬೇಗ ತೀರಿಕೊಂಡ. ನಾವು ತಾಯಿಯನ್ನು ಮಾಯಿ ಎನ್ನುವವರು. ಮಾಯಿ ಓಣಿಯ ಹೆಂಗಸರ ಕುಪ್ಪಸ ಹೊಲಿದು ನನ್ನನ್ನು ಓದಿಸಿದಳು. ಬಾಜು ಮನೆಯ ಶಿವಬಸವ್ವ ಅವಳ ಜೀವದ ಗೆಳತಿ. ಲಿಂಗಪೂಜೆ ಆಗದೆ ಹನಿ ನೀರು ಮುಟ್ಟದ ಹೆಂಗಸು. ಪೂಜೆ ಮುಗಿಯಿತೋ, ಅರ್ಧ ದಿನ ನಮ್ಮ ಪಡಸಾಲೆಯಲ್ಲೇ ಠಿಕಾಣಿ.

ಈಸ್ಟರ್ ಬಂತೆಂದರೆ ಇಬ್ಬರದೂ ಒಂದೇ ಗಡಿಬಿಡಿ. ನಾನು ಬೆಳಗಾವಿಯಲ್ಲಿ ಟೀಚರಾದ ಮೇಲೆ ರವಿವಾರ ಪೇಟೆಯಿಂದ ದಾಲ್ಚಿನ್ನಿ, ಲವಂಗ, ಜಾಜಿಕಾಯಿ, ಒಣದ್ರಾಕ್ಷಿ ಕಟ್ಟಿಸಿಕೊಂಡು ಬರುತ್ತಿದ್ದೆ. ಓಣಿಗೆಲ್ಲ ಹಂಚುವ ಬನ್ನು ಎಂದು ಮಾಯಿ ಹಿಟ್ಟಿಗೆ ತತ್ತಿ ಬೆರೆಸುತ್ತಿರಲಿಲ್ಲ, ಮೇಲೆ ಬೆಲ್ಲದ ನೀರು ಸವರುತ್ತಿದ್ದಳು. ಆದರೆ ಹಿಟ್ಟು ಉಬ್ಬಲು ಸಿಂದಿ, ಅಂದರೆ ಹೆಂಡ, ಬೇಕೇ ಬೇಕು. ಇದನ್ನು ಮಾಯಿ ಮೊದಲ ವರ್ಷವೇ ಶಿವಬಸವ್ವನಿಗೆ ಬಾಯಿಬಿಟ್ಟು ಹೇಳಿದ್ದಳು, ನಾನೇ ಅಲ್ಲಿದ್ದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, "ಕುಡ್ಯಾಕೇನ ಅಲ್ಲಲ್ಲ. ಬೆಂಕ್ಯಾಗ ಹೋಗಿ ಬರ್ತೈತಿ, ಬಿಡು," ಎಂದು ಸೆರಗು ಸಿಗಿಸಿ ತಾನೇ ನಾದಲು ಕುಳಿತಳು. ನಾದುವುದರಲ್ಲಿ ಅವಳನ್ನು ಬಿಟ್ಟರಿಲ್ಲ, ಅದನ್ನು ಒಪ್ಪುತ್ತೇನೆ. ಕಾದ ಉಸುಕಿನ ಪಾತೇಲಿಯೊಳಗೆ ತಟ್ಟೆ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿದರೆ ಇಡೀ ಓಣಿ ಮೂಗರಳಿಸಿಕೊಂಡು ಓಡಾಡುತ್ತಿತ್ತು.

ಎಪ್ಪತ್ತೊಂಬತ್ತರಲ್ಲಿ ಮಾಯಿ ಚರ್ಚಿನ ಕೆಲಸಕ್ಕೆ ಹೋಗಿದ್ದಾಗ ಸಿಂದಿ ಮಾರುವ ಸಿದರಾಯನ ಗಡಿಗೆಯನ್ನು ಶಿವಬಸವ್ವನೇ ತನ್ನ ಮನೆಯಲ್ಲಿ ಇಳಿಸಿಕೊಂಡಳು. ಮರುದಿನ ಈಸ್ಟರ್. ಅಂದೇ ಅವಳ ಮಗಳು ಕಾಂತಾಳನ್ನು ನೋಡಲು ಶಹಾಪುರದ ಸೀರೆ ವ್ಯಾಪಾರದವರು ಬಂದರು. ಶಿವಬಸವ್ವ ಉಪ್ಪಿಟ್ಟಿನ ಜೊತೆ ಹಿಂದಿನ ರಾತ್ರಿ ಮಾಡಿದ ಬನ್ನು ಕೊಟ್ಟಳು. ಹುಡುಗನ ತಾಯಿ ಕಾಶವ್ವ ಎರಡನೆಯದಕ್ಕೆ ಕೈ ಚಾಚುವಾಗ ಸಿದರಾಯ ಬಾಗಿಲಿಗೆ ಬಂದು, "ಅವ್ವಾರ, ಸಿಂದಿ ಗಡಗಿ ಕೊಡ್ರಿ," ಎಂದನಂತೆ.

"ಲಿಂಗವಂತರ ಮನ್ಯಾಗ ಸಿಂದಿ?" ಎಂದಳು ಕಾಶವ್ವ.

"ಬನ್ನಿಗೆ ಹಾಕಾಕ್ರೀ," ಎಂದ ಪುಣ್ಯಾತ್ಮ. ಇದೆಲ್ಲ ಅವನೇ ಆಮೇಲೆ ನಮಗೆ ಹೇಳಿದ್ದು.

ನಾನೂ ಮಾಯಿಯೂ ಆಗಷ್ಟೇ ಚರ್ಚಿನಿಂದ ಬರುತ್ತಿದ್ದೆವು. ಶಿವಬಸವ್ವ ಕಟ್ಟೆಯ ಮೇಲೆ ಬಂದು ನಿಂತು ಮಾಯಿಯತ್ತ ಬೆರಳು ಮಾಡಿ ಕೂಗಿದಳು: "ಈಕೀನ ನೋಡ್ರಿ! ನಮಗ ಗೊತ್ತಿಲ್ಲದಂಗ ಸಿಂದಿ ಕಲಸಿ ತಿನಿಸ್ಯಾಳ. ಇಷ್ಟು ವರ್ಷ ನಮ್ಮ ಜಾತಿ ಕೆಡಿಸ್ಯಾಳ!"

ನಾನು ಬಾಯಿ ತೆರೆದೆ. ಮಾಯಿ ನನ್ನ ಮೊಣಕೈ ಹಿಡಿದಳು. "ಕಾಂತಾನ ಲಗ್ನದ ಮಾತೈತಿ. ಸುಮ್ಮನಿರು. ಆಮ್ಯಾಲ ಆಕಿ ತಾನ ಖರೇ ಹೇಳ್ತಾಳ."

ಲಗ್ನವಾಯಿತು. ಮೋಸ ಹೋದವರ ಮೇಲೆ ಸಿಟ್ಟೇಕೆ ಎಂದು ಕಾಶವ್ವ ದೊಡ್ಡ ಮನಸ್ಸು ಮಾಡಿದಳಂತೆ. ನಮಗೆ ಕರೆ ಬರಲಿಲ್ಲ. ಓಣಿಯ ಹೆಂಗಸರು ಹೊಲಿಯಲು ಕೊಟ್ಟ ಬಟ್ಟೆಯನ್ನು ಅರ್ಧಕ್ಕೇ ವಾಪಸು ಒಯ್ದರು. ಮಾಯಿ ಕಾದಳು. ಮಗಳು ಗಂಡನ ಮನೆ ಸೇರಿದ ಮೇಲೂ ಶಿವಬಸವ್ವ ತುಟಿ ಪಿಟಕ್ಕೆನ್ನಲಿಲ್ಲ. ಬೆರಳು ತೋರಿಸಿದ್ದನ್ನು ಮಾಯಿ ಕ್ಷಮಿಸಿದ್ದಳು, ಈ ಮೌನ ಮಾತ್ರ ಅವಳನ್ನು ಒಳಗೇ ತಿಂದಿತು. ಬೇಕೆಂದೇ ಮಾಡಿದ ದ್ರೋಹ ಅದು, ನಾನಂತೂ ಬೇರೆ ಹೆಸರು ಕೊಡಲಾರೆ.

ಮುಂದಿನ ಈಸ್ಟರಿಗೆ ಮಾಯಿ ನಮ್ಮಿಬ್ಬರಿಗಷ್ಟೇ ಬನ್ನು ಮಾಡಿದಳು. ತಟ್ಟೆ ಹೊರತೆಗೆಯುವಾಗ ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ತಲೆ ತುಂಬ ಸೆರಗು ಹೊದ್ದು ಶಿವಬಸವ್ವ ನಿಂತಿದ್ದಳು.

"ನತಾಲಿನಾ, ಒಂದ ಬನ್ನ ಕೊಡ. ಕಾಂತಾ ಬಸರಿ ಅದಾಳ, ಇದನ್ನ ಬಯಸಾಕತ್ತಾಳ. ಯಾರಿಗೂ ಗೊತ್ತಾಗೂದಿಲ್ಲ."

ಬಸುರಿಯ ಬಯಕೆಗೆ ಇಲ್ಲವೆನ್ನುವ ಹೆಂಗಸಲ್ಲ ಮಾಯಿ. ಬಿಸಿ ಬನ್ನನ್ನು ತಟ್ಟೆಗಿಟ್ಟುಕೊಂಡು, ಮನೆಯನ್ನೆಲ್ಲ ಹಾದು ಹೋಗಿ ಮುಂಬಾಗಿಲು ತೆರೆದಳು. ಓಣಿಯ ಕಡೆ ಮುಖ ಮಾಡಿ ನಿಂತು ಕರೆದಳು: "ಶಿವಬಸವ್ವಾ, ಈ ಕಡೆ ಬಾ. ಎಲ್ಲಾರ ಮುಂದ ಇಸ್ಕೊ. ಕಾಂತಾಗ ಎಷ್ಟ ಬೇಕಷ್ಟ ಒಯ್ಯಿ."

ಹಿತ್ತಲಲ್ಲಿ ಶಿವಬಸವ್ವ ನನ್ನ ಮುಖ ನೋಡಿದಳು. ಸೆರಗನ್ನು ಇನ್ನಷ್ಟು ಮುಂದೆಳೆದುಕೊಂಡು ಬಂದ ದಾರಿಯಲ್ಲೇ ಹೋದಳು.

ಬನ್ನು ಆರುವ ತನಕ ಮಾಯಿ ತಟ್ಟೆ ಹಿಡಿದು ನಿಂತೇ ಇದ್ದಳು. ಆಮೇಲೆ ಒಳಗೆ ಬಂದು ಕೇಳಿದಳು: "ಹ್ವಾದ್ಲೇನು?"

"ಹ್ವಾದ್ಲು," ಎಂದೆ.

ಒಂದು ವರ್ಷ ತಡೆದಿದ್ದ ಅಳು ಆಗ ಬಂತು ಅವಳಿಗೆ.